ಹಳೆಯ ಬಂದೂಕಿನ ಹುಟ್ಟು ಮತ್ತು ಅಳತೆ

ಮುಧೋಳ ತಾಲ್ಲೂಕಿನ ಹಲಗಲಿಯ ಹೆಸರನ್ನು ಕೇಳದವರು ನಮ್ಮ ಬಾಗಲಕೋಟೆಯ ಸೀಮೆಯಲ್ಲಿ ವಿರಳ. ೧೮೫೭ರಲ್ಲಿ ಪ್ರಜೆಗಳ ಶಸ್ತ್ರಗಳನ್ನು ಕಸಿಯುವ ಕಾಯಿದೆಯನ್ನು ಬ್ರಿಟಿಷ್ ಆಡಳಿತವು ತಂದಾಗ, ಅಲ್ಲಿಯ ಬೇಡರು ತಲೆಬಾಗದೆ ಹೋರಾಡಿ ಪ್ರಾಣ ತೆತ್ತರು. ಇಂತಹ ನಾಡಿನಲ್ಲಿ ಹಳೆಯ ಬಂದೂಕೊಂದು ಕಣ್ಣಿಗೆ ಬಿದ್ದೊಡನೆ ‘ಇದು ಆ ಕಾಲದ್ದೇ’ ಎಂದು ಭಾವಿಸುವುದು ಸಹಜ. ಆದರೆ ನಂಬಿಕೆ ಬೇರೆ, ಪ್ರಮಾಣ ಬೇರೆ. ಬಂದೂಕು ಎಲ್ಲಿಯದು, ಯಾವ ಕಾಲದ್ದು, ಯಾವ ತೋಟಾ ಅದಕ್ಕೆ ಹೊಂದುವುದು ಎಂಬುದನ್ನು ಅದರ ಉಕ್ಕೇ ಹೇಳಬಲ್ಲದು.

ಮೊದಲನೆಯ ಸಾಕ್ಷಿ ಅದರ ರಚನೆ. ೧೮೫೩ರ ಎನ್‌ಫೀಲ್ಡ್ ಬಂದೂಕಿಗೆ ಮದ್ದುಗುಂಡುಗಳನ್ನು ಬಾಯಿಯ ಕಡೆಯಿಂದ ತುಂಬಬೇಕು. ಅದರ ನಳಿಗೆಯ ಒಳವ್ಯಾಸ ೦.೫೭೭ ಅಂಗುಲ, ಎಂದರೆ ೧೪.೬೬ ಮಿಲಿಮೀಟರ್. ಹಿಂಬದಿಯ ಮುಚ್ಚಳ ತೆರೆದು ತೋಟಾ ತುಂಬುವ ಸ್ನೈಡರ್ ೧೮೬೬ರಲ್ಲಿಯೂ, ಕೆಳಗಿನ ಸನ್ನೆಯನ್ನು ಎಳೆದು ತೆರೆಯುವ ಮಾರ್ಟಿನಿ-ಹೆನ್ರಿ ೧೮೭೧ರಲ್ಲಿಯೂ, ಬೋಲ್ಟ್ ಹಾಗೂ ಹತ್ತು ತೋಟಾಗಳ ಪೆಟ್ಟಿಗೆಯುಳ್ಳ ಲೀ-ಎನ್‌ಫೀಲ್ಡ್ ೧೮೯೫ರಲ್ಲಿಯೂ ಬ್ರಿಟಿಷ್ ಸೈನ್ಯವನ್ನು ಸೇರಿದವು. ಆದ್ದರಿಂದ ಈ ಕೊನೆಯ ಮೂರರಲ್ಲಿ ಯಾವುದೂ ಹಲಗಲಿಯ ಕದನವನ್ನು ಕಂಡಿರಲಾರದು. ಬಾಯಿಯಿಂದ ತುಂಬುವ ಬಂದೂಕು ಆ ಕಾಲದ್ದಾಗಿರಬಹುದು. ಆದರೆ ಅಂತಹವು ಅನಂತರವೂ ತಯಾರಾದುದರಿಂದ ಅಷ್ಟೇ ಸಾಲದು.

ಎರಡನೆಯ ಸಾಕ್ಷಿ ಮುದ್ರೆಗಳು. ಲೀ-ಎನ್‌ಫೀಲ್ಡಿನಲ್ಲಿ ಬೋಲ್ಟಿನ ಹಿಡಿಯ ಕೆಳಗೆ, ಹಿಂಬದಿಯ ಮರವನ್ನು ಹಿಡಿದಿರುವ ಉಕ್ಕಿನ ಬಳೆಯ ಮೇಲೆ, ಕಿರೀಟ, ಕಾರ್ಖಾನೆಯ ಹೆಸರು, ವರ್ಷ ಮತ್ತು ಮಾದರಿಗಳನ್ನು ಕೆತ್ತಿರುತ್ತಾರೆ. ಇಂಗ್ಲೆಂಡಿನ ಎನ್‌ಫೀಲ್ಡ್, ಆಸ್ಟ್ರೇಲಿಯದ ಲಿತ್‌ಗೋ, ಬಂಗಾಳದ ಇಶಾಪುರ ಇವು ಪ್ರಸಿದ್ಧ ತವರುಗಳು. ಕಿರೀಟದ ಕೆಳಗೆ ‘ಜಿ.ಆರ್.ಐ.’ ಎಂದಿದ್ದರೆ ಅದು ಚಕ್ರವರ್ತಿ ಜಾರ್ಜರ ಕಾಲದ ಇಶಾಪುರದ ಕೆಲಸ. ಅಶೋಕಸ್ತಂಭದ ಸಿಂಹಗಳಿದ್ದರೆ ಗಣರಾಜ್ಯದ ಕಾಲದ್ದು. ಬೋಲ್ಟಿನ ಸಂಖ್ಯೆಯೂ ನಳಿಗೆಯ ಸಂಖ್ಯೆಯೂ ಒಂದೇ ಆಗಿರದಿದ್ದರೆ ಭಾಗಗಳನ್ನು ಬದಲಿಸಿರುವರೆಂದು ತಿಳಿಯಬೇಕು.

ಮೂರನೆಯದು, ಎಲ್ಲಕ್ಕಿಂತ ಸೂಕ್ಷ್ಮವಾದುದು, ಅಳತೆ. ನಳಿಗೆಯೊಳಗೆ ಸುರುಳಿಯಾಗಿ ಸಾಗುವ ಗಾಡಿಗಳಿರುತ್ತವೆ. ಅವುಗಳ ನಡುವಿನ ಉಬ್ಬಿನಿಂದ ಉಬ್ಬಿಗೆ ಇರುವ ವ್ಯಾಸವೇ ಇಲ್ಲಿ ಬಂದೂಕಿನ ಅಳತೆ. ಲೀ-ಎನ್‌ಫೀಲ್ಡಿನಲ್ಲಿ ಅದು ೦.೩೦೩ ಅಂಗುಲ, ೭.೭೦ ಮಿಲಿಮೀಟರ್. ೧೯೬೦ರ ದಶಕದಲ್ಲಿ ಇಶಾಪುರದಲ್ಲಿ ಇದೇ ರೂಪದಲ್ಲಿ ತಯಾರಾದ ಇನ್ನೊಂದು ಬಂದೂಕಿನ ಅಳತೆ ೭.೬೨ ಮಿಲಿಮೀಟರ್. ವ್ಯತ್ಯಾಸವು ಕೇವಲ ೦.೦೮ ಮಿಲಿಮೀಟರ್! ೦.೧ ಮಿಲಿಮೀಟರಿನವರೆಗೆ ಮಾತ್ರ ಅಳೆಯುವ ಕಾಲೇಜಿನ ವರ್ನಿಯರ್‌ಗೆ ಅದು ನಿಲುಕದು. ಸವೆದ ನಳಿಗೆಯಲ್ಲಿ ಅಳೆದರೂ ನಂಬುವಂತಿಲ್ಲ.

ಆದಕಾರಣ ಪರಿಣತರು ತೋಟಾ ಕೂಡುವ ಕೋಣೆಯ ಅಚ್ಚನ್ನು ಬೇಗ ಕರಗುವ ಮಿಶ್ರಲೋಹದಿಂದ ತೆಗೆಯುತ್ತಾರೆ. ೦.೩೦೩ರ ತೋಟಾದ ಕೊಳವೆ ಸುಮಾರು ೫೬ ಮಿಲಿಮೀಟರ್ ಉದ್ದ, ಬುಡದಲ್ಲಿ ಹೊರಚಾಚಿದ ಅಂಚುಳ್ಳದ್ದು, ೭.೬೨ರದು ೫೧ ಮಿಲಿಮೀಟರ್, ಅಂಚಿಲ್ಲದ್ದು. ಇಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಇದೇ ಕುಟುಂಬದಲ್ಲಿ ನಾಗರಿಕರಿಗಾಗಿ ೦.೩೧೫ ಅಂಗುಲದ ಬಂದೂಕುಗಳೂ, ಕಾವಲಿಗಾಗಿ ಗಾಡಿಗಳನ್ನು ಕೊರೆದುಹಾಕಿ ೦.೪೧೦ಕ್ಕೆ ಹಿಗ್ಗಿಸಿದ ಬಂದೂಕುಗಳೂ ಉಂಟು. ಹೊರರೂಪ ಒಂದೇ, ಒಡಲು ನಾಲ್ಕು ಬಗೆ.

ಗಾಡಿಯ ತಿರುವೂ ಕುರುಹೇ. ಲೀ-ಎನ್‌ಫೀಲ್ಡಿನಲ್ಲಿ ಸಾಮಾನ್ಯವಾಗಿ ಐದು ಗಾಡಿಗಳು ಎಡಕ್ಕೆ ತಿರುಗಿ, ೨೫೪ ಮಿಲಿಮೀಟರಿಗೆ ಒಂದು ಸುತ್ತು ಮುಗಿಸುತ್ತವೆ. ಸೆಕೆಂಡಿಗೆ ಸುಮಾರು ೭೪೪ ಮೀಟರ್ ವೇಗದಿಂದ ಹೊರಡುವ ಗುಂಡು, ೭೪೪ನ್ನು ೦.೨೫೪ರಿಂದ ಭಾಗಿಸಿದರೆ, ಸೆಕೆಂಡಿಗೆ ೨,೯೦೦ಕ್ಕೂ ಹೆಚ್ಚು ಬಾರಿ ಬುಗುರಿಯಂತೆ ತಿರುಗುತ್ತದೆ! ಗಾಡಿಗಳ ಗುರುತು ಗುಂಡಿನ ಮೈಮೇಲೂ ಮೂಡುವುದರಿಂದ ನ್ಯಾಯವಿಜ್ಞಾನಕ್ಕೂ ಅದು ನೆರವು.

ಇಷ್ಟೆಲ್ಲ ಸೂಕ್ಷ್ಮತೆ ಏತಕ್ಕೆ? ಗುಂಡು ಹಾರಿದಾಗ ಕೋಣೆಯಲ್ಲಿ ವಾತಾವರಣದ ಒತ್ತಡದ ಮೂರು ಸಾವಿರ ಪಟ್ಟಿಗೂ ಮಿಕ್ಕ ಒತ್ತಡ ಹುಟ್ಟುತ್ತದೆ, ೭.೬೨ರಲ್ಲಿ ಅದು ಇನ್ನೂ ಅಧಿಕ. ಹೊಂದದ ತೋಟಾ ಹಾಕಿದರೆ ಉಕ್ಕು ಸೀಳುವುದು ಹಿಡಿದವನ ಮುಖದ ಬಳಿಯಲ್ಲಿಯೇ. ಅಟ್ಟದ ಮೇಲೆ ಬಂದೂಕು ದೊರೆತರೆ ಅದರಲ್ಲಿ ಮದ್ದು ಉಳಿದಿರುವುದೆಂದೇ ಭಾವಿಸಿ, ಮುಟ್ಟದೆ ಪೋಲೀಸರಿಗೆ ತಿಳಿಸಬೇಕು. ೧೯೫೯ರ ಶಸ್ತ್ರಾಸ್ತ್ರ ಕಾಯಿದೆಯಂತೆ ಪರವಾನಗಿಯಿಲ್ಲದೆ ಅದನ್ನು ಇಟ್ಟುಕೊಳ್ಳುವುದು ಅಪರಾಧ. ಪರಿಣತರ ಅಳತೆಯಿಂದ ಅದು ಹಲಗಲಿಗೆ ಸೇರಿದ್ದಲ್ಲವೆಂದು ತೇಲಿದರೂ ಆ ವೀರರ ಕೀರ್ತಿಗೆ ಕುಂದಿಲ್ಲ. ಸುಳ್ಳು ಕುರುಹಿನ ಆಸರೆ ಅದಕ್ಕೆ ಬೇಕಾಗಿಯೂ ಇಲ್ಲ.