ಚಿಗುರಿದ ಕಡ್ಡಿಗೆಲ್ಲ ಬೇರಿರುವುದಿಲ್ಲ

ತಪ್ಪು ಕಲ್ಪನೆ: ಆಲೂಗಡ್ಡೆಗೆ ಚುಚ್ಚಿ ನೆಟ್ಟರೆ ಗುಲಾಬಿ ಕಡ್ಡಿ ಬೇಗ ಬೇರು ಬಿಡುತ್ತದೆ.

ವಿಡಿಯೋದಲ್ಲಿ ನೋಡಲು ಚೆನ್ನ. ಮಣ್ಣಿನೊಳಗೆ ಆಲೂಗಡ್ಡೆ ಕೊಳೆತು ಕಡ್ಡಿಯ ಬುಡವನ್ನೂ ಕೊಳೆಸುತ್ತದೆ. ಇಲ್ಲವೇ ತಾನೇ ಮೊಳೆತು ಕುಂಡ ತುಂಬುತ್ತದೆ. ಪಲ್ಯಕ್ಕೇ ಇರಲಿ ಅದು.

ತಪ್ಪು ಕಲ್ಪನೆ: ಚಿಗುರು ಬಂತು, ಇನ್ನು ಗಿಡ ಹಿಡಿದಂತೆಯೇ.

ಹೆಚ್ಚು ಜನರ ಆಸೆ ಮುರಿಯುವುದು ಇಲ್ಲೇ. ಕಡ್ಡಿಯೊಳಗೆ ಕೂಡಿಟ್ಟ ಆಹಾರದಿಂದಲೇ ಕಣ್ಣು ಒಡೆದು ಎಲೆ ಬರುತ್ತದೆ. ಅದಕ್ಕೆ ಬೇರು ಬೇಕಿಲ್ಲ. ಎಲೆ ಹೆಚ್ಚಿದಷ್ಟೂ ನೀರು ಆವಿಯಾಗಿ ಹೋಗುತ್ತದೆ, ಕೆಳಗಿನಿಂದ ತುಂಬಿಕೊಡುವವರು ಯಾರೂ ಇಲ್ಲ. ಎರಡು ವಾರ ನಳನಳಿಸಿದ ಕಡ್ಡಿ ಇದ್ದಕ್ಕಿದ್ದಂತೆ ಕಪ್ಪಾಗುವುದು ಹೀಗೆ. ಬೇರಿಗೆ ಸಾಮಾನ್ಯವಾಗಿ 4ರಿಂದ 8 ವಾರ ಬೇಕು. ನಡುವೆ ಎಳೆದು ನೋಡಿದರೆ ಆಗಷ್ಟೇ ಬಂದ ಎಳೆಬೇರು ಕಿತ್ತುಹೋಗುತ್ತದೆ. ಕುತೂಹಲ ತಡೆಯದವರು ತಳಕ್ಕೆ ತೂತು ಮಾಡಿದ ಪಾರದರ್ಶಕ ಲೋಟದಲ್ಲಿ ನೆಡಲಿ, ಬೇರು ಹೊರಗಿನಿಂದಲೇ ಕಾಣುತ್ತದೆ.

ತಪ್ಪು ಕಲ್ಪನೆ: ಒಳ್ಳೆಯ ಗೊಬ್ಬರ, ಒಳ್ಳೆಯ ಬಿಸಿಲು ಬೇಕು.

ಬೇರೇ ಇಲ್ಲದ ಕಡ್ಡಿ ಗೊಬ್ಬರವನ್ನು ಹೀರುವುದೆಲ್ಲಿಂದ? ಹಸಿ ಸಗಣಿಯಂತೂ ಬುಡ ಕೊಳೆಸುತ್ತದೆ. ಮರಳು, ಕೋಕೋಪೀಟ್ ಸಮಸಮ ಬೆರೆಸಿದರೆ ಸಾಕು. ಕಡ್ಡಿಗೆ ಬೇಕಾದ್ದು ಒಣಗದ ಗಾಳಿ. ಹೂ ಉದುರಿದ, ಪೆನ್ಸಿಲ್ ದಪ್ಪದ ರೆಂಬೆಯಿಂದ 6–8 ಇಂಚು ಕತ್ತರಿಸಿ, ತುದಿಯಲ್ಲಿ ಒಂದು ಎಲೆ ಉಳಿಸಿ, ಪ್ಲಾಸ್ಟಿಕ್ ಕವರ್ ಮುಚ್ಚಿ ಬೆಳಕಿರುವ ನೆರಳಲ್ಲಿಡಿ. ಕವರ್ ಸಮೇತ ಬಿಸಿಲಿಗಿಟ್ಟರೆ ಕಡ್ಡಿ ಬೆಂದೇ ಹೋಗುತ್ತದೆ. ನಮ್ಮ ಕಡೆ ಜುಲೈ–ಆಗಸ್ಟ್‌ನ ಮೋಡದ ದಿನಗಳು ಇದಕ್ಕೆ ಹೇಳಿಮಾಡಿಸಿದವು.

ತಪ್ಪು ಕಲ್ಪನೆ: ಜೇನುತುಪ್ಪ, ದಾಲ್ಚಿನ್ನಿ ಬೇರು ಬರಿಸುತ್ತವೆ.

ಬೂಷ್ಟನ್ನು ಒಂದಿಷ್ಟು ತಡೆಯಬಹುದು, ಅಷ್ಟೇ. ಬೇರು ಹುಟ್ಟಿಸುವುದು ಆಕ್ಸಿನ್ ಎಂಬ ಸಸ್ಯ ಹಾರ್ಮೋನು. ನರ್ಸರಿಯಲ್ಲಿ ಸಿಗುವ, ಬೇರು ಬರಿಸುವ ಪುಡಿಯಲ್ಲಿರುವ ಐಬಿಎ ಅದೇ ಗುಂಪಿನದು.

ತಪ್ಪು ಕಲ್ಪನೆ: ಮಣ್ಣು ಬದಲಾದರೆ ಕೆಂಪು ಗುಲಾಬಿ ಬಿಳಿಯಾಗುತ್ತದೆ.

ಕಡ್ಡಿಯಿಂದ ಬಂದ ಗಿಡ ತಾಯಿಗಿಡದ ತದ್ರೂಪು. ಮೋಸ ಆಗುವುದು ಬೇರೆ ಕಡೆ. ನರ್ಸರಿಯ ದೊಡ್ಡ ಹೂವಿನ ಗುಲಾಬಿಗಳು ಹೆಚ್ಚಾಗಿ ಕಸಿಗಿಡಗಳು, ಬೇರು ಗಟ್ಟಿಮುಟ್ಟಾದ ಬೇರೊಂದು ಜಾತಿಯದು. ಕಸಿಗಂಟಿನ ಕೆಳಗಿನಿಂದ ಎದ್ದ ರೆಂಬೆ ಆ ಬೇರಿನ ಜಾತಿಯದೇ. ಅದು ಮಲ್ಟಿಫ್ಲೋರಾ ಆಗಿದ್ದರೆ ಬಿಳಿಯ ಸಣ್ಣ ಹೂವಿನ ಗೊಂಚಲು. ಆದ್ದರಿಂದ ಕಡ್ಡಿಯನ್ನು ಗಂಟಿನ ಮೇಲಿನಿಂದಲೇ ಕತ್ತರಿಸಿ. ಈ ದೊಡ್ಡ ಹೂವಿನ ತಳಿಗಳಲ್ಲಿ ಹಲವು ಸ್ವಂತ ಬೇರಿನ ಮೇಲೆ ಅಷ್ಟು ಜೋರಾಗಿ ಬೆಳೆಯುವುದಿಲ್ಲ. ಹಾಗಾಗಿ ಮೊದಲ ಸಲ ಪ್ರಯತ್ನಿಸುವವರು ಪನ್ನೀರು ಗುಲಾಬಿಯ ಕಡ್ಡಿ ತರುವುದು ಒಳ್ಳೆಯದು.