ವಿಶೇಷ ಶಿಕ್ಷಣದ ನೂತನೋಪಾಧ್ಯಾಯರು ಮತ್ತು ಅವರಿಗೆ ಬೇಕಾದ ಆಸರೆ

ಉಪಾಧ್ಯಾಯಶಬ್ದಕ್ಕೆ ಮನುಸ್ಮೃತಿಯಲ್ಲಿ ನಿಯತವಾದ ಅರ್ಥವೊಂದುಂಟು. ಉಪನಯನವನ್ನು ಮಾಡಿ ವೇದವನ್ನು ಪೂರ್ಣವಾಗಿ ಅಧ್ಯಾಪನ ಮಾಡುವವನು ಆಚಾರ್ಯನು. ವೇದದ ಏಕದೇಶವನ್ನಾಗಲಿ ಅಂಗಗಳನ್ನಾಗಲಿ ಜೀವನಾರ್ಥವಾಗಿ ಕಲಿಸುವವನು ಉಪಾಧ್ಯಾಯನು. ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ಪಾಠ ಹೇಳಲು ಇಂದು ಹೊಸದಾಗಿ ನೇಮಕಗೊಳ್ಳುವವರ ಸಂಕಟವನ್ನು ಈ ಭೇದವೇ ತಿಳಿಸುತ್ತದೆ. ಅವರು ಕಲಿತು ಬಂದದ್ದು ಏಕದೇಶ. ಅವರಿಂದ ಅಪೇಕ್ಷಿಸುವುದು ಸಮಸ್ತ.

ಈ ವಿದ್ಯೆಯ ಶಿಕ್ಷಣಕ್ರಮವನ್ನು ೧೯೯೨ರ ಕಾಯಿದೆಯಂತೆ ಭಾರತೀಯ ಪುನರ್ವಸತಿ ಪರಿಷತ್ತು ನಿಯಮಿಸುತ್ತದೆ. ದೃಷ್ಟಿದೋಷ, ಶ್ರವಣದೋಷ, ಬೌದ್ಧಿಕ ನ್ಯೂನತೆ ಮೊದಲಾದವುಗಳಲ್ಲಿ ಒಂದನ್ನು ಆರಿಸಿಕೊಂಡು ಅಭ್ಯಾಸ ಮಾಡಿ, ಪರಿಷತ್ತಿನ ಪಟ್ಟಿಯಲ್ಲಿ ಹೆಸರು ಬರೆಯಿಸಿಕೊಳ್ಳುವುದು ಪದ್ಧತಿ. ಆದರೆ ೨೦೧೬ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಎಣಿಸಿರುವ ವೈಕಲ್ಯಗಳು ೨೧. ಸಮಗ್ರ ಶಿಕ್ಷಣ ಯೋಜನೆಯಲ್ಲಿ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರಕ್ಕೆ ಸೇರಿದ ವಿಶೇಷ ಶಿಕ್ಷಕನಾದರೋ ತನ್ನ ಶಾಖೆಗೆ ಸೇರಿದ ಮಕ್ಕಳನ್ನು ಮಾತ್ರ ನೋಡುವೆನೆಂದು ಹೇಳುವಂತಿಲ್ಲ. ಕಿವುಡುಮಕ್ಕಳ ಶಿಕ್ಷಣವನ್ನು ಕಲಿತವನ ಮುಂದೆ ಮೊದಲನೆಯ ವಾರದಲ್ಲಿಯೇ ಕಣ್ಣು ಕಾಣದ ಮಗು ಬಂದು ಕುಳಿತೀತು.

ಉತ್ತರ ಕನ್ನಡದ ದಕ್ಷಿಣ ಕರಾವಳಿಯ ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳಲ್ಲಿ ಈ ತೊಡಕಿಗೆ ದೇಶಸ್ಥಿತಿಯೂ ಸೇರಿಕೊಳ್ಳುತ್ತದೆ. ಹೆದ್ದಾರಿಯೂ ಕೊಂಕಣ ರೈಲೂ ಮೂರು ಪಟ್ಟಣಗಳನ್ನು ಒಂದೇ ದಾರದಲ್ಲಿ ಪೋಣಿಸಿವೆ, ನಿಜ. ಆದರೆ ಶಾಲೆಗೆ ಬರಲಾರದ ಮಗುವಿಗೆ ಗೃಹಾಧಾರಿತ ಶಿಕ್ಷಣವನ್ನು ಕೊಡಬೇಕಾದಾಗ ಶಿಕ್ಷಕನು ಹೋಗಬೇಕಾದದ್ದು ಹೆದ್ದಾರಿಯ ಮೇಲಲ್ಲ. ಗೇರುಸೊಪ್ಪೆಯ ಕಡೆಯ ಶರಾವತಿಯ ಕಣಿವೆಗೆ, ಅಘನಾಶಿನಿಯ ದಡದ ಗಜನಿಭೂಮಿಗಳ ಆಚೆಗೆ, ಆಷಾಢದಲ್ಲಿ ಹಳ್ಳ ತುಂಬಿದರೆ ದಾರಿಯೇ ಇಲ್ಲದ ಮನೆಗಳಿಗೆ. ಅಲ್ಲಿ ಅವನು ಒಬ್ಬನೇ. ತಾನು ಮಾಡಿದ್ದು ಸರಿಯೋ ತಪ್ಪೋ ಎಂದು ಕೇಳಲು ಪಕ್ಕದ ಕೊಠಡಿಯಲ್ಲಿ ಹಿರಿಯರಿಲ್ಲ.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾದೀತು. ಭಾರತದ ಭಾಷೆಗಳಿಗೆಲ್ಲ ಸಮಾನವಾದ ಭಾರತೀ ಬ್ರೈಲ್ ೧೯೫೧ರಲ್ಲಿ ಅಂಗೀಕೃತವಾಯಿತು. ಕನ್ನಡ ಬ್ರೈಲೂ ಅದರದೇ ಶಾಖೆ. ಅದರಲ್ಲಿ ಗುಣಿತದ ಚಿಹ್ನೆಗಳೆಂಬುವು ಪ್ರತ್ಯೇಕವಾಗಿಲ್ಲ. ವ್ಯಂಜನದ ಮುಂದೆ ಸ್ವರಾಕ್ಷರವನ್ನೇ ಬರೆಯಬೇಕು. ಒತ್ತಕ್ಷರವೂ ಕೆಳಗೆ ಇಳಿಯುವುದಿಲ್ಲ. ‘ಕುಮಟಾ’ ಎಂಬುದು ಕ, ಉ, ಮ, ಟ, ಆ ಎಂದು ಐದು ಮನೆಗಳಾಗುತ್ತದೆ. ‘ಭಟ್ಕಳ’ ಎಂಬಲ್ಲಿ ಭಕಾರವಾದ ಮೇಲೆ ಹಲಂತವನ್ನು ಸೂಚಿಸುವ ನಾಲ್ಕನೆಯ ಚುಕ್ಕೆಯೊಂದೇ ಒಂದು ಮನೆಯಲ್ಲಿ ಬಂದು, ಅನಂತರ ಟ, ಕ, ಳ ಬರುತ್ತವೆ. ಅಚ್ಚಿನಲ್ಲಿ ನಾಲ್ಕೇ ಅಕ್ಷರಗಳಾದ ‘ಹೊನ್ನಾವರ’ಕ್ಕೆ ಎಂಟು ಮನೆಗಳು ಬೇಕು. ಹಲಂತಚಿಹ್ನೆಯು ವ್ಯಂಜನಕ್ಕಿಂತ ಮೊದಲು ಬರುವುದು ವೈಯಾಕರಣನಿಗೆ ವಿಪರೀತವಾಗಿ ಕಂಡೀತು; ಆದರೆ ಓದುವ ಬೆರಳಿಗೆ ಮುಂದೆ ಬರುವುದು ಸ್ವರಹೀನವೆಂಬ ಎಚ್ಚರಿಕೆ ಮೊದಲೇ ಸಿಕ್ಕುವುದು ಅನುಕೂಲವೇ. ಇದರ ಮೇಲೆ, ಸ್ಲೇಟಿನಲ್ಲಿ ಮೊಳೆಯಿಂದ ಚುಚ್ಚಿ ಬರೆಯುವಾಗ ಬಲದಿಂದ ಎಡಕ್ಕೆ, ಕನ್ನಡಿಯ ಬಿಂಬದಂತೆ ಬರೆಯಬೇಕು. ಕಾಗದವನ್ನು ಮಗುಚಿ ಎಡದಿಂದ ಬಲಕ್ಕೆ ಓದಬೇಕು. ಇದನ್ನೆಲ್ಲ ಪುಸ್ತಕದಿಂದ ತಿಳಿಯಬಹುದು. ಆದರೆ ಮಗುವಿನ ಬೆರಳು ಎಲ್ಲಿ ತಡೆಯಿತು, ಏಕೆ ತಡೆಯಿತು ಎಂಬುದನ್ನು ಅನೇಕ ಮಕ್ಕಳಿಗೆ ಕಲಿಸಿದವರು ಪಕ್ಕದಲ್ಲಿ ಕುಳಿತು ತೋರಿಸದ ಹೊರತು ತಿಳಿಯದು. ಹೊಸಬನು ಒತ್ತಕ್ಷರವನ್ನು ತಪ್ಪಾಗಿ ಹೇಳಿಕೊಟ್ಟರೆ ಅದನ್ನು ತಿದ್ದುವವರು ಮನೆಯಲ್ಲಿ ಯಾರೂ ಇಲ್ಲ. ಮಗುವಿನ ಒಂದು ವರ್ಷವೇ ಕೆಡುತ್ತದೆ.

ಶ್ರವಣದೋಷದ ವಿಷಯದಲ್ಲಿ ತೊಡಕು ಬೇರೆ. ಭಟ್ಕಳದಲ್ಲಿ ಮನೆಮಾತು ನವಾಯತಿಯಾಗಿರಬಹುದು, ಕೊಂಕಣಿಯಾಗಿರಬಹುದು. ಶಾಲೆಯದು ಕನ್ನಡವೋ ಉರ್ದುವೋ ಆಗಿರಬಹುದು. ತುಟಿಯ ಚಲನೆಯನ್ನು ನೋಡಿ ಮಾತನ್ನು ಗ್ರಹಿಸಬೇಕಾದ ಮಗುವಿಗೆ ಯಾವ ಭಾಷೆಯಲ್ಲಿ ಮೊದಲು ಅಭ್ಯಾಸ ಮಾಡಿಸತಕ್ಕುದೆಂಬ ನಿರ್ಣಯವನ್ನು ಹೊಸ ಶಿಕ್ಷಕನೊಬ್ಬನ ತಲೆಯ ಮೇಲೆ ಹೊರಿಸುವುದು ನ್ಯಾಯವಲ್ಲ. ೧೯೬೫ರಲ್ಲಿ ಸ್ಥಾಪಿತವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ತಜ್ಞರಿದ್ದಾರೆ. ಆದರೆ ಮೈಸೂರು ದೂರ.

ಆಸರೆಯ ಏರ್ಪಾಡೇ ಇಲ್ಲವೆಂದಲ್ಲ. ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯು ಕುಮಟೆಯಲ್ಲಿಯೇ ಇದೆ. ಪುನರ್ವಸತಿ ಪರಿಷತ್ತು ಹೆಸರಿನ ನವೀಕರಣಕ್ಕಾಗಿ ನಿರಂತರ ಶಿಕ್ಷಣವನ್ನು ವಿಧಿಸಿದೆ. ಸರ್ವೋಚ್ಚ ನ್ಯಾಯಾಲಯವು ೨೦೨೧ರಲ್ಲಿ ಪ್ರಾಥಮಿಕ ಹಂತದಲ್ಲಿ ಇಂಥ ೧೦ ಮಕ್ಕಳಿಗೂ ಮೇಲಿನ ಹಂತಗಳಲ್ಲಿ ೧೫ ಮಕ್ಕಳಿಗೂ ಒಬ್ಬ ವಿಶೇಷ ಶಿಕ್ಷಕನಿರಬೇಕೆಂಬ ಪ್ರಮಾಣವನ್ನು ಹೇಳಿ, ೨೦೨೫ರಲ್ಲಿ ಹುದ್ದೆಗಳನ್ನು ಪ್ರಕಟಿಸುವಂತೆ ರಾಜ್ಯಗಳಿಗೆ ಆಜ್ಞಾಪಿಸಿತು. ಆದರೆ ಸಂಖ್ಯೆಯು ಹೆಚ್ಚಿದ ಮಾತ್ರಕ್ಕೆ ವಿದ್ಯೆಯು ಹೆಚ್ಚದು. ತನಿಖೆ ಬೇರೆ, ಅನುಶಾಸನ ಬೇರೆ. ದಾಖಲೆಗಳನ್ನು ನೋಡಿ ರುಜು ಹಾಕುವ ಅಧಿಕಾರಿಗೆ ಬ್ರೈಲ್ ಬಾರದಿದ್ದರೆ ಆತನ ಭೇಟಿಯಿಂದ ಹೊಸಬನ ಭಯವು ಬೆಳೆಯುವುದೇ ಹೊರತು ಸಂದೇಹವು ತೀರದು. ಭಯವಿರುವಲ್ಲಿ ಶಿಕ್ಷಕನು ತನ್ನ ತಪ್ಪನ್ನು ಬಚ್ಚಿಡುವನು.

ಈ ಮೂರು ತಾಲ್ಲೂಕುಗಳಿಗೆ ಸುಲಭವಾದ ಉಪಾಯವೊಂದಿದೆ. ಭಟ್ಕಳದಿಂದ ಕುಮಟೆಗೆ ಸುಮಾರು ೬೦ ಕಿಲೋಮೀಟರು. ಹೊನ್ನಾವರವು ನಡುವೆ ಇದೆ. ಒಬ್ಬನು ದೃಷ್ಟಿದೋಷದ ಶಾಖೆಯನ್ನೂ ಇನ್ನೊಬ್ಬನು ಶ್ರವಣದೋಷದ ಶಾಖೆಯನ್ನೂ ಕಲಿತವನಾಗಿದ್ದರೆ, ತಿಂಗಳಿಗೊಂದು ದಿನ ಹೊನ್ನಾವರದಲ್ಲಿ ಕಲೆತು, ತಮ್ಮ ತಮ್ಮ ಮಕ್ಕಳ ಬರಹಗಳನ್ನು ಮುಂದಿಟ್ಟುಕೊಂಡು ವಿಚಾರ ಮಾಡಬಹುದು. ಅಂದಿನ ಹಾಜರಿಯನ್ನು ಕೆಲಸವೆಂದೇ ಎಣಿಸಿ ಪ್ರಯಾಣವೆಚ್ಚವನ್ನು ಕೊಡಬೇಕು. ಇಲ್ಲವಾದರೆ ಎರಡನೆಯ ತಿಂಗಳಿಗೆ ಯಾರೂ ಬರಲಾರರು. ಮೊದಲ ವರ್ಷದ ಮನೆಭೇಟಿಗಳಲ್ಲಿ ಕೆಲವಕ್ಕಾದರೂ ಹಿರಿಯ ಶಿಕ್ಷಕರು ಜೊತೆಗೆ ಹೋಗಬೇಕು, ಅದೂ ಮಳೆಗಾಲಕ್ಕೆ ಮುಂಚೆ. ಹಳ್ಳಗಳು ತುಂಬುವ ಮೊದಲೇ ಮಗುವಿಗೆ ಎರಡು ತಿಂಗಳ ಅಭ್ಯಾಸವನ್ನು ಗೊತ್ತುಮಾಡಿ, ಅದನ್ನು ಮಾಡಿಸುವ ಕ್ರಮವನ್ನು ತಾಯಿಗೆ ತೋರಿಸಿ ಬರಲು ಆಗ ಸಾಧ್ಯವಾಗುತ್ತದೆ.