ಬಿರುಕು ಬಿಟ್ಟ ಗೋಡೆ

ಹುಬ್ಬಳ್ಳಿ ತಾಲೂಕಿನ ಶಿರಗುಪ್ಪಿಯ ಸುತ್ತಮುತ್ತ ಎರೆಭೂಮಿ. ಹತ್ತಿ, ಕಡಲೆಗಳಿಗೆ ಒಲಿದ ಈ ಮಣ್ಣು ಮನೆಗಳಿಗೆ ಅಷ್ಟಾಗಿ ಒಲಿದುದಲ್ಲ. ಬೇಸಗೆಯಲ್ಲಿ ಅದು ಕುಗ್ಗಿ ಬಾಯಿ ಬಿಡುತ್ತದೆ. ಮಳೆ ಬಿದ್ದಾಗ ನೀರು ಕುಡಿದು ಉಬ್ಬುತ್ತದೆ. ಅದರೊಡನೆ ಬುನಾದಿಯೂ ಏರಿಳಿಯುವುದರಿಂದ ಗೋಡೆಗಳಲ್ಲಿ ಬಿರುಕು ಕಾಣಿಸಿಕೊಳ್ಳುವುದುಂಟು. ವಂಚಕನಾದ ಗುತ್ತಿಗೆದಾರನು ಒಳಗೆ ಬರುವುದು ಈ ಬಿರುಕಿನಿಂದಲೇ.

ಮಳೆಗಾಲ ಸಮೀಪಿಸಿದಾಗ, ಮಕ್ಕಳು ಪರಊರಿನಲ್ಲಿ ದುಡಿಯುತ್ತಿರುವ ಮನೆಯನ್ನು ನೋಡಿ ಅವನು ಬರುತ್ತಾನೆ. “ಅಜ್ಜಾರ, ಈ ಗ್ವಾಡಿ ಮಳಿಗಾಲಕ್ಕ ನಿಲ್ಲಂಗಿಲ್ರಿ. ಇವತ್ತ ಮುಂಗಡ ಕೊಟ್ರ ನಾಳೆ ಕೆಲಸ ಹಚ್ಚತೇನಿ” ಎನ್ನುತ್ತಾನೆ. ಭಯ ಮತ್ತು ಅವಸರ, ಇವೆರಡೇ ಅವನ ಬಂಡವಾಳ. 2019ರ ಆಗಸ್ಟ್ ತಿಂಗಳ ಮಳೆಗೆ ಧಾರವಾಡ ಜಿಲ್ಲೆಯಲ್ಲಿ ಅನೇಕ ಮಣ್ಣಿನ ಮನೆಗಳು ಕುಸಿದುದನ್ನು ಕಂಡ ಮುದುಕರಿಗೆ ಆ ಭಯ ಹುಸಿಯೆಂದು ಹೇಗೆ ತೋರೀತು? ಹಿರಿಯರು ತಿಳಿಗೇಡಿತನದಿಂದ ಮೋಸಹೋಗುತ್ತಾರೆಂಬ ಮಾತು ಸರಿಯಲ್ಲ. ಬಾಯಿಮಾತಿಗೆ ಬೆಲೆಯಿದ್ದ ಕಾಲದಲ್ಲಿ ಬಾಳಿದವರು ಅವರು. ಕಾಗದ ಕೇಳಿದರೆ ಎದುರಿನವನನ್ನು ಅವಮಾನಿಸಿದಂತಾದೀತೆಂದು ಸಂಕೋಚಪಡುತ್ತಾರೆ.

ಎಲ್ಲ ಬಿರುಕೂ ಅಪಾಯದ್ದಲ್ಲ. ಬಿರುಕಿನ ಎರಡು ತುದಿಗಳಲ್ಲಿ ಪೆನ್ಸಿಲಿನಿಂದ ಗೆರೆಯೆಳೆದು ತಾರೀಖು ಬರೆಯಬೇಕು. ಅಡ್ಡಲಾಗಿ ಒಂದು ಕಾಗದದ ಪಟ್ಟಿಯನ್ನು ಅಂಟಿಸಬೇಕು. ಪಟ್ಟಿ ಹರಿದು ಬಿರುಕು ಗೆರೆಯನ್ನು ದಾಟಿ ಬೆಳೆದರೆ, ಇಲ್ಲವೆ ಗೋಡೆಯೇ ವಾಲಿದರೆ, ತಡಮಾಡದೆ ತಿಳಿದವರಿಗೆ ತೋರಿಸಬೇಕು. ಇದನ್ನು ಒಂಬತ್ತನೆಯ ತರಗತಿಯ ವಿದ್ಯಾರ್ಥಿಯೂ ಮಾಡಬಲ್ಲ.

ಇನ್ನು ಕೆಲಸದೊಳಗಿನ ಮೋಸ. ಮಣ್ಣಿನ ಗೋಡೆಗೆ ಸಿಮೆಂಟಿನ ಗಿಲಾವು ಹಚ್ಚಿದರೆ ಬಿರುಕು ಮುಚ್ಚಿ ಗೋಡೆ ಹೊಸದರಂತೆ ಕಾಣುತ್ತದೆ. ಆದರೆ ಒಳಗಿನ ತೇವ ಆರಲು ದಾರಿಯಿಲ್ಲದೆ ಗೋಡೆ ಸಡಿಲವಾಗಿ, ಗಿಲಾವು ಹಪ್ಪಳದಂತೆ ಕಳಚುತ್ತದೆ. ಇಟ್ಟಿಗೆಯ ಗೋಡೆಯ ಗಿಲಾವಿಗೆ ಸಾಮಾನ್ಯವಾಗಿ ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳು ಬೆರೆಸುತ್ತಾರೆ. ವಂಚಕನು ಮರಳನ್ನು ಹತ್ತು ಪಾಲಿಗೂ ಏರಿಸಬಹುದು. ಗಿಲಾವಿಗೆ ಕನಿಷ್ಠ ಏಳು ದಿನ ನೀರು ಹೊಡೆಯಬೇಕು. ಅವನಾದರೋ ಮರುದಿನವೇ ಮಾಯ! ಒಣಗಿದ ಗಿಲಾವನ್ನು ಮೊಳೆಯಿಂದ ಗೀರಿದಾಗ ಪುಡಿಪುಡಿಯಾಗಿ ಉದುರಿದರೆ ಸಂಗತಿ ತಿಳಿಯುತ್ತದೆ. ಅಷ್ಟರಲ್ಲಿ ಹಣವೆಲ್ಲ ಸಂದಾಯವಾಗಿದ್ದರೆ ತಿಳಿದು ಫಲವೇನು?

ಆದುದರಿಂದ ಹಣವು ಕೆಲಸದ ಹಿಂದೆ ನಡೆಯಬೇಕು, ಮುಂದೆ ಓಡಬಾರದು. 2019ರಲ್ಲಿ ಪೂರ್ಣವಾಗಿ ಬಿದ್ದ ಮನೆಗಳಿಗೆ ರಾಜ್ಯ ಸರಕಾರವು 5 ಲಕ್ಷ ರೂಪಾಯಿ ನೆರವು ಘೋಷಿಸಿತು. ಅದನ್ನೂ ಒಮ್ಮೆಗೇ ಕೊಡದೆ, ಕೆಲಸ ಮೇಲೇರಿದಂತೆ ಕಂತುಕಂತಾಗಿ ಬಿಡುಗಡೆ ಮಾಡುವ ಕ್ರಮವನ್ನಿಟ್ಟಿತು. ಸರಕಾರಕ್ಕೇ ಬೇಕಾದ ಈ ಎಚ್ಚರ ಅಜ್ಜ ಅಜ್ಜಿಯರಿಗೆ ಬೇಡವೆ? ಮೊದಲು ಸಾಮಗ್ರಿಗೆ ತಕ್ಕಷ್ಟೇ ಮುಂಗಡ ಕೊಟ್ಟು, ಕೊನೆಯ ಕಂತನ್ನು ಒಂದು ಮಳೆ ಕಳೆಯುವವರೆಗೆ ತಡೆಹಿಡಿಯುವುದಾಗಿ ಮೊದಲೇ ಮಾತಾಡಿಕೊಳ್ಳುವುದು ಒಳಿತು. ಕೆಲಸದ ವಿವರ, ಅಳತೆ, ದರ, ಮುಗಿಸುವ ದಿನ ಇವನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಬೇಕು. ಕಣ್ಣು ಮಂಜಾದ ಅಜ್ಜಿಗೆ ಅದನ್ನು ಮೊಮ್ಮಗಳು ಬರೆದು ಓದಿ ಹೇಳಲಿ. ಪ್ರಾಮಾಣಿಕ ಗೌಂಡಿಯು ಇದಕ್ಕೆ ಬೇಸರಪಡುವುದಿಲ್ಲ. ಆ ಹಾಳೆ ಅವನ ಕೂಲಿಗೂ ಆಧಾರ.

ಇಷ್ಟಾಗಿಯೂ ಮೋಸ ನಡೆದರೆ ಕಾನೂನಿನ ನೆರವುಂಟು. ಮನೆ ಕಟ್ಟುವ ಕೆಲಸವೂ ಒಂದು ಸೇವೆಯೆಂದು ಸರ್ವೋಚ್ಚ ನ್ಯಾಯಾಲಯ 1993ರಲ್ಲಿ ತೀರ್ಪಿತ್ತಿತು. 2019ರ ಗ್ರಾಹಕರ ಸಂರಕ್ಷಣಾ ಕಾಯಿದೆಯಂತೆ ಧಾರವಾಡ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷಗಳೊಳಗೆ ದೂರು ಕೊಡಬಹುದು. ತೆತ್ತ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ. ವಕೀಲರನ್ನು ಇಡಲೇಬೇಕೆಂಬ ಕಟ್ಟಳೆಯೂ ಇಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ಸಲಹೆ ಕೇಳಬಹುದು. ಆದರೆ ದೂರಿಗೆ ಸಾಕ್ಷಿ ಬೇಕು. ಬ್ಯಾಂಕಿನ ಮೂಲಕ ಕೊಟ್ಟ ಹಣಕ್ಕೆ ಬ್ಯಾಂಕಿನ ಲೆಕ್ಕವೇ ಸಾಕ್ಷಿ. ಕೈಯಲ್ಲಿ ಎಣಿಸಿ ಕೊಟ್ಟ ಹಣಕ್ಕೆ ಸಹಿಯಿರುವ ರಸೀದಿಯನ್ನು ಅಂದೇ ಪಡೆದಿಟ್ಟಿರಬೇಕು.